ರುದ್ರೇಶನ ಉತ್ತರದಲ್ಲಿ ತಪ್ಪಿರಲಿಲ್ಲ

9-1-2008, ಬುಧವಾರ, ನಂಜನಗೂಡು

ಲವ್ ಬರ್ಡ್‌ಗೆ ಮೊಟ್ಟೆ ಹೊರಬರದೆ ಸಿಕ್ಕಿಕೊಂಡಿದೆ, ಏನು ಮಾಡಲಿ ಎಂದು ಚೈತ್ರ ಎನ್ನುವವರು ಬೆಳಿಗ್ಗೆ ಆರ್ಕುಟ್‌ನ ನಮ್ಮ ಪಕ್ಷಿಪ್ರಿಯರ ಗುಂಪಿನಲ್ಲಿ ಕೇಳಿದ್ದರು. ಪತ್ರಿಕೆಯ ವರದಿಗಾರನಾದ ನಾನು ಇಬ್ಬರನ್ನು ವಿಚಾರಿಸದೆ ಏನನ್ನೂ ಬರೆಯುವುದಿಲ್ಲ. ಪಶುವೈದ್ಯರನ್ನು ಕಂಡು, ಮೈಸೂರಿನಲ್ಲಿ ಹಕ್ಕಿ ಸಾಕುವವರೊಬ್ಬರಿಗೂ ಫೋನ್ ಮಾಡಿ ಸೈಬರ್ ಕೆಫೆಗೆ ಮರಳುವಷ್ಟರಲ್ಲಿ ನರಸೀಪುರದ ರುದ್ರೇಶ್ ಉತ್ತರಿಸಿಬಿಟ್ಟಿದ್ದ: ಬಲ್ಬಿನ ಶಾಖ ಕೊಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ನಾನು ಬರೆದುಕೊಂಡು ಬಂದ ಚೀಟಿಯಲ್ಲಿದ್ದದ್ದೂ ಅದೇ.

ಸಂಜೆ ಅವನೇ ಫೋನ್ ಮಾಡಿದ. "ಎಲ್ಲೋಗಿದ್ರಿ ಸಾ? ನಿಮ್ ಪೇಪರ್ ಅಚ್ಚಾಗೋಷ್ಟ್ರಲ್ಲಿ ಹಕ್ಕಿ ಮರಿ ಮಾಡಿರ್ತದೆ ಕಣ್ರೀ."

ಹಕ್ಕಿ ಉಳಿಯಿತಂತೆ. ಗುಂಪಿನವರೆಲ್ಲ ಅವನನ್ನು ಹೊಗಳಿದ್ದಾರೆ. ಒಂದಾದರೂ ತಪ್ಪು ಸಿಗಲೆಂದು ಅವನ ಉತ್ತರವನ್ನು ಮೂರು ಸಲ ಓದಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಆ ಹಕ್ಕಿ ಸಾಯುತ್ತಿತ್ತು ಎಂಬುದು ಈಗ ಹೊಳೆಯುತ್ತಿದೆ. ಆದರೂ ಅವನಿಗಿಂತ ಮೊದಲು ನಾನು ಉತ್ತರಿಸಬೇಕಿತ್ತು ಎಂಬ ಆಸೆ ಹೋಗುತ್ತಿಲ್ಲ.