ಅಕ್ಕನ ಎಲುಬಿನ ಪಾಳಿ

ಶಹಾಪುರ, ೧೪ ಡಿಸೆಂಬರ್ ೨೦೧೬, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಹೆಂಡತಿ ಹೋದಾಗಿನಿಂದ ನನಗೆ ಮರಿಲಿಂಗಮ್ಮಕ್ಕನ ಮನೆಯೇ ಮನೆ. ಬರೀ ಒಂದು ಬಕೆಟ್ ಎತ್ತಿದ್ದಕ್ಕೆ ಅವಳ ಬಲಗೈ ಮುರಿಯಿತು. ಎಚ್‌ಐವಿ, ಮುಟ್ಟು ನಿಂತ ವಯಸ್ಸು, ಇಷ್ಟು ವರ್ಷದ ಗುಳಿಗೆ, ಮೂರೂ ಸೇರಿ ಎಲುಬು ಸವೆದಿದೆಯಂತೆ. ಡಾಕ್ಟರು 'ಆಸ್ಟಿಯೋ' ಏನೋ ಅಂದರು. ಕಾಲೇಜಿನಲ್ಲಿ ಓದಿದ್ದೆ, ಹೆಸರಿನ ಬಾಲ ಮರೆತಿದೆ. ಗುಳಿಗೆ ಬಿಡಬೇಡಿ, ಹಾಲು ಕುಡಿಯಿರಿ, ಬಿಸಿಲಲ್ಲಿ ನಡೆಯಿರಿ ಎಂದರು.

ಆಸ್ಪತ್ರೆಯಿಂದ ಎಚ್‌ಐವಿಯ ಸುದ್ದಿ ಓಣಿಗೂ ಬಂತು. ದಿನಾ ಅಕ್ಕನ ಎಮ್ಮೆಯ ಹಾಲು ಕೊಳ್ಳುತ್ತಿದ್ದವರು ಇವತ್ತು ಒಬ್ಬರೂ ಬರಲಿಲ್ಲ. ಎದುರು ಮನೆಯ ತಿಮ್ಮವ್ವ ಕಟ್ಟೆಯಿಂದಲೇ ಕೂಗಿದಳು: "ಎಮ್ಮಿ ಮಾರಿಬಿಡು ಯವ್ವಾ, ಇನ್ನ ಯಾರ ಒಯ್ತಾರ ನಿನ್ನ ಹಾಲು?"

ನಾನು ಎದ್ದು ನಿಂತು, "ನೋ ಟ್ರಾನ್ಸ್‌ಮಿಷನ್ ಬೈ ಬಫೆಲೋ!" ಎಂದು ಅಬ್ಬರಿಸಿದೆ. ಎಮ್ಮೆ ಸಹ ತಿರುಗಿ ನೋಡಲಿಲ್ಲ.

"ಸುಮ್ ಕೂಡೋ ಅಂಬ್ರ್ಯಾ, ನಿನ್ನ ಇಂಗ್ಲೀಷಿಗಿ ಹಾಲು ಒಡದೀತು" ಎಂದು ಅಕ್ಕ ನಕ್ಕಳು. ಆಮೇಲೆ ಓಣಿಗೆಲ್ಲ ಕೇಳುವಂತೆ: "ಮೂವತ್ತು ವರ್ಷ ನಿಮ್ಮ ಮಕ್ಕಳ ಎಲುಬು ಗಟ್ಟಿ ಮಾಡೀನಿ, ನಾ ಮಾತ್ರ ಕರೀ ಚಾ ಕುಡದೀನಿ. ಇನ್ನ ನನ್ನ ಎಲುಬಿನ ಪಾಳಿ. ಎಮ್ಮಿ ಮಾರಂಗಿಲ್ಲ!"

ಬಿಸಿಲಿಗೆ ಕುಳಿತು, ಎಡಗೈಯಿಂದಲೇ ತಂಬಿಗೆ ಎತ್ತಿ, ಕಾಸಿದ ಹಾಲನ್ನು ಗಟಗಟ ಕುಡಿದಳು. ತಿಮ್ಮವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಳೆ ಮುಂಜಾನೆ ಅಕ್ಕ ಕೆನಾಲ್ ದಂಡೆಗೆ ನಡೆಯಲು ಹೋಗಬೇಕಂತೆ, ಅದೂ ಓಣಿಯ ಹೆಂಗಸರೆಲ್ಲ ಬಟ್ಟೆ ಒಗೆಯುವ ಹೊತ್ತಿಗೇ. ಬಿದ್ದರೆ ಏನು ಗತಿ ಎಂಬ ಭಯ ನನಗೆ. ನಾನು ಮುಂದೆ ನಡೆಯಲೋ ಹಿಂದೆಯೋ ಎಂದು ಕೇಳಿದೆ.

"ಬಾಜೂಕ ನಡಿ" ಎಂದಳು.