ಹೊಸ ಶೆಲ್ಫಿನ ಬೋರ್ಡು

ಅಕ್ಕನ ಮನೆ,
ಮಂಗಳವಾರ

ಸಿನಿಮಾ ಸಿ.ಡಿ. ಅಂಗಡಿಯ ಯಜಮಾನರಿಗೆ,

‘ಪ್ರೀತಿಯ’ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ನಿಮ್ಮ ಕಾಗದದಲ್ಲೂ ಆ ಪದ ಇರಲಿಲ್ಲ, ಅಲ್ಲಿಗೆ ಸರಿಹೋಯಿತು. ಹೆಂಡತಿ ಮನೆ ಬಿಟ್ಟು ಮೂರು ತಿಂಗಳಾದ ಮೇಲೆ ಗಂಡ ಬರೆದ ಮೊದಲ ಕಾಗದ. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು, ಅಳುವುದಿದ್ದರೆ ಅಳಲಿ ಎಂದು ಬಾಗಿಲು ಎಳೆದುಕೊಂಡು ಹೋದಳು. ಒಡೆದು ನೋಡಿದರೆ ಶೆಲ್ಫಿನ ಸಮಾಚಾರ! ಕ್ರೈಸ್ತ ವಿಷಯದ ಸಿನಿಮಾಗಳಿಗೆ ಬೇರೆ ಶೆಲ್ಫು ಮಾಡಿದ್ದೀರಿ, ಅವಕ್ಕೆ ಹಾಗೊಂದು ಪ್ರತ್ಯೇಕ ಹೆಸರು ಬೇಕೋ ಬೇಡವೋ ಎಂದು ನನ್ನ ಅಭಿಪ್ರಾಯ ಕೇಳಿದ್ದೀರಿ. ಅಂಗಡಿಯ ಬೋರ್ಡುಗಳನ್ನೆಲ್ಲ ಬರೆದವಳು ನಾನಾದ್ದರಿಂದ ಕೇಳುವುದು ಧರ್ಮವಂತೆ. ಎಲ್ಲ ಮಾಡಿ ಮುಗಿಸಿದ ಮೇಲೆ ಕೇಳುವುದು ಯಾವ ಊರಿನ ಧರ್ಮ?

ಕೇಳಿದ್ದಕ್ಕೆ ಹೇಳುತ್ತೇನೆ. ಬೇಡ.

ಹಾಸ್ಯದ ಶೆಲ್ಫಿನಿಂದ ಒಯ್ದವರು ನಗುತ್ತಾರೆ. ದೆವ್ವದ ಶೆಲ್ಫಿನಿಂದ ಒಯ್ದವರು ದೀಪ ಹಾಕಿಕೊಂಡು ಮಲಗುತ್ತಾರೆ. ನೋಡುವವರಿಗೆ ಏನಾಗುತ್ತದೋ ಅದೇ ಶೆಲ್ಫಿನ ಹೆಸರು. ನಾನು ಬೋರ್ಡು ಬರೆದದ್ದು ಆ ಲೆಕ್ಕದಲ್ಲಿ. ಕ್ರೈಸ್ತ ಎಂದರೆ ಕಥೆಯಲ್ಲಿ ಯಾರಿದ್ದಾರೆ ಎಂದು ತಿಳಿಯಿತೇ ಹೊರತು ನೋಡುವವರಿಗೆ ಏನಾಗುತ್ತದೆ ಎಂದು ತಿಳಿಯಿತೇ? ಪಾದ್ರಿ ಕೊಲೆಗಾರನನ್ನು ಹಿಡಿದರೆ ಅದು ಪತ್ತೇದಾರಿ. ಕಾನ್ವೆಂಟು ಬಿಟ್ಟ ಸಿಸ್ಟರ್ ಮದುವೆಯಾದರೆ ಪ್ರೇಮಕಥೆ. ಹೀಗೆ ಬೇರೆ ಕೂರಿಸಿದರೆ ಚರ್ಚಿಗೆ ಹೋಗದವರು ಅತ್ತ ಕಣ್ಣೂ ಹಾಯಿಸುವುದಿಲ್ಲ. ಒಳ್ಳೆಯ ಸಿನಿಮಾವನ್ನು ಗೌರವ ಕೊಟ್ಟೇ ಮೂಲೆಗೆ ತಳ್ಳಿದ ಹಾಗೆ. ಮೂಲೆಗೆ ತಳ್ಳುವ ಕಲೆ ನಿಮಗೇನೂ ಹೊಸದಲ್ಲ, ಬಿಡಿ.

ಹೆಸರಿದ್ದರೆ ಹುಡುಕುವವರಿಗೆ ಸುಲಭ ಎಂದು ಬರೆದಿದ್ದೀರಿ. ಹುಡುಕುವವರು ಯಾರೆಂದು ನನಗೆ ಗೊತ್ತಿಲ್ಲವೇ? ಚರ್ಚಿನಲ್ಲಿ ಪಿಯಾನೊ ನುಡಿಸುವ ಟೀಚರು. ಅವರು ಬರೀ ಗಿರಾಕಿ ಎಂದು ಒಂದೇ ಕಾಗದದಲ್ಲಿ ಎರಡು ಸಲ ಬರೆದಿದ್ದೀರಿ, ನಾನು ಕೇಳದೆಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಊಟದ ಡಬ್ಬಿ ಹಿಡಿದು ಬಂದ ದಿನ ಆ ಬರೀ ಗಿರಾಕಿ ಕೌಂಟರಿನ ಒಳಗೆ, ನನ್ನ ಸ್ಟೂಲಿನ ಮೇಲೆ ಕೂತಿದ್ದರು. ಮದುವೆಯಾದಾಗಿನಿಂದ ನಾನು ಕೂತ ಸ್ಟೂಲು. ಅವರು ಯಾವುದೋ ಸಿನಿಮಾದ ಕಥೆ ಹೇಳುತ್ತಿದ್ದರು, ನೀವು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಿರಿ. ನನ್ನ ಜೊತೆ ಹಾಗೆ ನಕ್ಕು ಎಷ್ಟು ಕಾಲವಾಯಿತು? ಅಕ್ಕನ ಮನೆಗೆ ಹೋಗ್ತೀನಿ ಎಂದರೆ ‘ಆರು ಗಂಟೆಗೆ ಬಸ್ಸಿದೆ’ ಎಂದಿರಿ. ‘ಬೇಡ’ ಎನ್ನುವುದು ಅದಕ್ಕಿಂತ ಚಿಕ್ಕ ಮಾತಾಗಿತ್ತು.

ಭಾವ ಕೆಲಸದ ಮೇಲೆ ಅಲ್ಲಿಗೆ ಬಂದಾಗ ಆ ಶೆಲ್ಫಿನಿಂದ ಮೂರು ಸಿ.ಡಿ. ತಂದರು. ಅವರಾಗಿಯೇ ತಂದದ್ದು, ನಾನೇನೂ ತರಿಸಿದ್ದಲ್ಲ. ‘ಬೋರ್ಡಿನ ಅಕ್ಷರ ಬಲಕ್ಕೆ ವಾಲಿದೆ ಕಣಮ್ಮಾ, ನಿನ್ನದಲ್ಲ’ ಎಂದೂ ಹೇಳಿದರು. ಅಂದರೆ ಟೀಚರದೇ ಕೈ. ಸ್ಟೂಲು ಹೋಯಿತು, ಬ್ರಷ್ಷೂ ಹೋಯಿತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಹುಡುಕುವ ಅಗತ್ಯ ನನಗಿಲ್ಲ.

ತಪ್ಪು ಹಿಡಿಯಲೆಂದೇ ಕೂತು ನೋಡಿದೆ. ಮೊದಲನೆಯದರಲ್ಲಿ ಬೋಧನೆಯೋ ಬೋಧನೆ. ಭಾವ ಗೊರಕೆ ಹೊಡೆದರು. ಎರಡನೆಯದು ಪರವಾಗಿಲ್ಲ. ಮೂರನೆಯದರಲ್ಲಿ ಒಬ್ಬ ರೈಲ್ವೆ ಗೇಟಿನ ಕಾವಲುಗಾರ, ಅವನನ್ನು ಬಿಟ್ಟುಹೋದ ಹೆಂಡತಿ. ಶಿಲುಬೆಯಿಲ್ಲ, ಪ್ರಾರ್ಥನೆಯಿಲ್ಲ, ದೇವರ ಹೆಸರನ್ನು ಯಾರೂ ಎತ್ತುವುದಿಲ್ಲ. ಅವನು ದಿನಾ ಊಟಕ್ಕೆ ಎರಡು ತಟ್ಟೆ ಹಾಕುತ್ತಾನೆ, ಅಷ್ಟೆ. ಕೊನೆಗೊಂದು ದಿನ ಅವಳು ಬರುತ್ತಾಳೆ. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳುವುದಿಲ್ಲ. ಬಡಿಸುತ್ತಾನೆ. ನಾನು ಮುಖ ತೊಳೆಯಲು ಎದ್ದು ಹೋದೆ.

ನಾನಾಗಿದ್ದರೆ ಇದನ್ನು ‘ಕುಟುಂಬ’ದ ಶೆಲ್ಫಿಗೆ ಹಾಕುತ್ತಿದ್ದೆ. ಟೀಚರು ಕ್ರೈಸ್ತ ಶೆಲ್ಫಿಗೆ ಹಾಕಿದ್ದಾರೆ. ಕಾರಣ ಕೇಳದೆ ಕ್ಷಮಿಸುವುದೇ ಆ ಶೆಲ್ಫಿನ ಗುಟ್ಟಾದರೆ, ಅದರಿಂದ ನೋಡುವವರಿಗೂ ಏನೋ ಆಗುತ್ತದೆ ಎಂದಾಯಿತಲ್ಲ. ನನ್ನ ಲೆಕ್ಕದಲ್ಲೇ ಅವರು ನನ್ನನ್ನು ಸೋಲಿಸಿದರು. ಸ್ಟೂಲಿಗಿಂತ ಇದೇ ಹೆಚ್ಚು ಉರಿಯಿತು.

ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಬೇಡ ಎಂದರೆ ಬೇಡ, ಆ ಬೋರ್ಡು ಇಳಿಸಿ. ಕಾವಲುಗಾರನಂಥ ಗಂಡಂದಿರು ಸಿನಿಮಾದಲ್ಲಿ ಮಾತ್ರ ಇರುತ್ತಾರೆ. ನನಗೆ ಸಿಕ್ಕವರು ಶೆಲ್ಫಿನ ವಿಷಯ ಕೇಳಿ ಕಾಗದ ಬರೆಯುತ್ತಾರೆ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಆ ಮುರುಕು ಏಣಿ ಹತ್ತಬೇಡಿ, ಕೆಳಗೆ ಹಿಡಿದುಕೊಳ್ಳಲು ಯಾರೂ ಇಲ್ಲ. ಇದ್ದರೆ ನನಗೆ ಹೇಳಬೇಡಿ.

ಇಂತಿ,
ನೆಟ್ಟಗಿನ ಅಕ್ಷರದವಳು

ತಾ.ಕ.: ಸಿ.ಡಿ. ತರಿಸಿದ್ದು ನಾನೇ. ಮೂರನೆಯದನ್ನು ಮತ್ತೊಮ್ಮೆ ನೋಡಿದೆ. ಆ ಶೆಲ್ಫಿಗೆ ಒಂದು ಬೋರ್ಡೂ ಬರೆದಿದ್ದೇನೆ. ‘ಕ್ರೈಸ್ತ ಚಿತ್ರಗಳು’, ನೀಲಿ ಬಣ್ಣ, ಒಂದಕ್ಷರವೂ ವಾಲಿಲ್ಲ. ಲಕೋಟೆಗೆ ಹಿಡಿಸಲಿಲ್ಲ, ಮಡಿಸಿದರೆ ಬಣ್ಣ ಬಿರಿಯುತ್ತದೆ. ಶನಿವಾರ ನಾನೇ ತರುತ್ತೇನೆ. ಬಸ್ಸು ಎಷ್ಟು ಗಂಟೆಗೆ ಬಂತು ಎಂದು ಮಾತ್ರ ಕೇಳಬೇಡಿ. ಸ್ಟೂಲು ಖಾಲಿಯಿರಲಿ.