ಡಾರ್ಕಸ್ ಲಿಲಿಯ ಹೆಸರು ಓದುವವರು

ಹೋಬಾರ್ಟ್
ಭಾನುವಾರ, 24 ಏಪ್ರಿಲ್ 1994

ಅಮ್ಮಾ,

ಹಾಸ್ಟೆಲ್ಲಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಬೋರ್ಡಿನ ಮೇಲೆ ಮೂರು ವಾಕ್ಯ ಬರೆಯುತ್ತಿದ್ದರು: ಚೆನ್ನಾಗಿದ್ದೇನೆ, ಊಟ ಸೇರುತ್ತಿದೆ, ಓದು ನಡೆದಿದೆ. ಏಳು ವರ್ಷ ನಿನಗೆ ಬಂದ ಕಾಗದಗಳೆಲ್ಲ ಅಲ್ಲಿಂದಲೇ ಶುರುವಾಗುತ್ತಿದ್ದವು. ಇವತ್ತು ಆ ಮೂರೂ ಬೇಡ. ಬರೆದರೆ ಮೂರೂ ಸುಳ್ಳಾಗುತ್ತವೆ, ಮತ್ತು ಈ ವಾರ ಒಂದು ಸುಳ್ಳನ್ನು ಆಗಲೇ ಬರೆದು ಕೊಟ್ಟು ಬಂದಿದ್ದೇನೆ.

ಅಜ್ಜಿ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಎಂಟು ದಿನದಿಂದ ಫೋನ್ ಎತ್ತುತ್ತಿಲ್ಲ. ನೀನು ಮಾಡಿದರೆ ಎತ್ತಬಹುದು. ಆದರೆ ಮಾಡುವ ಮೊದಲು ಏನಾಯಿತು ಅಂತ ನಿನಗೆ ಗೊತ್ತಿರಬೇಕಲ್ಲ. ಅಜ್ಜಿ ಡಾರ್ಕಸ್ ಲಿಲಿಯ ಮಾತು ತೆಗೆದಾಗಲೆಲ್ಲ ನೀನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ. ಆದ್ದರಿಂದ ಮೊದಲಿಂದ ಹೇಳುತ್ತೇನೆ, ಸ್ವಲ್ಪ ತಾಳಿಕೋ.

ಅಜ್ಜಿ ಹೇಳುವ ಕಥೆ ಇದು. ಡಾರ್ಕಸ್ ಇಂಗ್ಲೆಂಡಿನ ಲೆಸ್ಟರಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದವಳು. ಹತ್ತೊಂಬತ್ತು ವರ್ಷ, ಅಂದರೆ ಈಗ ನನ್ನಷ್ಟೇ. ಯಜಮಾನಿಯ ಒಂದು ಶಾಲು, ಎರಡು ಬೆಳ್ಳಿ ಚಮಚ ಕದ್ದಳೆಂದು ಏಳು ವರ್ಷ ಗಡೀಪಾರು ಮಾಡಿ ಹಡಗು ಹತ್ತಿಸಿದರು. ಅಂಥ ಕೈದಿಗಳನ್ನೇ ತಂದಿಳಿಸುತ್ತಿದ್ದ ನಮ್ಮ ಈ ದ್ವೀಪದಲ್ಲಿ, ನ್ಯೂ ನಾರ್‌ಫೋಕ್‌ನ ಗಾರ್ಸೈಡ್ ಅನ್ನುವವನ ಮನೆಗೆಲಸಕ್ಕೆ ಕಳಿಸಿದರು. ಅವನಿಂದ ಅವಳಿಗೆ ಗಂಡುಮಗು ಆಯಿತು. ಊರಿನ ಬಾಯಿ ಮುಚ್ಚಿಸಲು ಗಾರ್ಸೈಡ್ ಮಗುವಿಗೆ ತನ್ನ ಹೆಸರು ಕೊಟ್ಟ, ಅವಳನ್ನು ಕೆಲಸದವಳಾಗಿಯೇ ಇಟ್ಟುಕೊಂಡ. ಆ ಮಗು ಎಡ್ವಿನ್, ಅಜ್ಜಿಯ ಮುತ್ತಜ್ಜ. ನ್ಯೂ ನಾರ್‌ಫೋಕ್‌ನ ಸ್ಮಶಾನದಲ್ಲಿ ಡಾರ್ಕಸ್‌ಳ ಕಲ್ಲು ಇದೆ, ನಾನೂ ನೋಡಿದ್ದೇನೆ. 'ಎಡ್ವಿನ್ ಗಾರ್ಸೈಡ್ ತನ್ನ ತಾಯಿಗಾಗಿ ನಿಲ್ಲಿಸಿದ್ದು' ಅಂತ ಕೆತ್ತಿದೆ.

ಅಜ್ಜಿ ಚಿಕ್ಕವಳಿದ್ದಾಗ ಇದನ್ನು ಮನೆಯೊಳಗೂ ಆಡುವಂತಿರಲಿಲ್ಲವಂತೆ. ಆಮೇಲೆ ಗಾಳಿ ತಿರುಗಿತು. ಕೈದಿಯ ಕುಲ ಅಂದರೆ ಮೂಗು ಮುರಿಯುತ್ತಿದ್ದವರೇ ತಮ್ಮ ಮನೆಯಲ್ಲೂ ಒಬ್ಬ ಕೈದಿ ಇದ್ದನೇನೋ ಎಂದು ಹುಡುಕತೊಡಗಿದರು. ಅಜ್ಜಿ ಹುಡುಕಬೇಕಾಗಿರಲಿಲ್ಲ. ಹನ್ನೆರಡು ವರ್ಷದಿಂದ ಪ್ರತಿ ಮೇ ತಿಂಗಳಲ್ಲಿ ಕ್ಯಾಸ್ಕೇಡ್ಸ್‌ನ ಹಳೆಯ ಹೆಂಗಸರ ಜೈಲಿನ ಅಂಗಳದಲ್ಲಿ ಅಂಥ ಮನೆತನಗಳ ಸಂಘದವರು ಸೇರುತ್ತಾರೆ. ಒಬ್ಬೊಬ್ಬರೇ ಮುಂದೆ ಬಂದು ತಮ್ಮ ಮನೆಯ ಹೆಂಗಸಿನ ಹೆಸರು, ಹಡಗಿನ ಹೆಸರು ಓದುತ್ತಾರೆ. ಅವಳ ರಕ್ತ ಹಂಚಿಕೊಂಡವರೇ ಓದಬೇಕು, ಬೇರೆಯವರು ಓದುವ ಹಾಗಿಲ್ಲ. ಅದು ಸಂಘದ ನಿಯಮ. ಓದುವವರಿಲ್ಲದ ಹೆಸರುಗಳು ಪಟ್ಟಿಯಲ್ಲೇ ಉಳಿಯುತ್ತವೆ.

ಈ ವರ್ಷ ಸಂಘ ಪುಸ್ತಕ ಮಾಡುತ್ತಿದೆ, ಮನೆಗೊಂದು ಪುಟ. ಮೊಮ್ಮಗಳು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಾಳೆಂದು ಅಜ್ಜಿ ನಮ್ಮ ಪುಟವನ್ನು ನನಗೆ ಕೊಟ್ಟಳು. ಖುಷಿಯಿಂದಲೇ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಮೂರು ವಾರದಿಂದ ನಾನು ಚರ್ಚಾ ತರಗತಿಗಳಿಗೆ ಹೋಗಿಲ್ಲ. ಹತ್ತು ಜನ ದುಂಡಗೆ ಕೂತು ಮಾತಾಡಬೇಕು ಅಲ್ಲಿ. ನನ್ನ ಸರದಿ ಹತ್ತಿರ ಬಂದ ಹಾಗೆ ಪುಸ್ತಕ ಹುಡುಕುವವಳಂತೆ ಚೀಲಕ್ಕೆ ಬಗ್ಗುತ್ತೇನೆ. ಬಾಯಿ ತೆರೆದರೆ ಯಾರಾದರೊಬ್ಬರು ಇಂಗ್ಲೆಂಡಿನವಳಾ ಅನ್ನುತ್ತಾರೆ. ಅಪ್ಪ ತನ್ನೂರಿಗೆ ವಾಪಸ್ ಹೋಗಿ ಹತ್ತು ವರ್ಷವಾದರೂ ಅವನ ಮಾತಿನ ಧಾಟಿ ನನ್ನ ಬಾಯಲ್ಲಿ ಉಳಿದಿದೆ. ಹಳೆಯ ಸರಕಾರಿ ದಾಖಲೆಗಳ ಪತ್ರಾಗಾರದಲ್ಲಿ ಹಾಗಿಲ್ಲ. ದಾಖಲೆಗಳ ಫಿಲ್ಮ್ ಸುರುಳಿಯನ್ನು ಯಂತ್ರಕ್ಕೆ ಹಾಕಿ, ಹಿಡಿ ತಿರುಗಿಸುತ್ತ ಕೂತರೆ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ.

ನಾಲ್ಕನೆಯ ದಿನ ಡಾರ್ಕಸ್ ಸಿಕ್ಕಳು. ಕೈದಿಗಳ ನಡತೆಯ ದಾಖಲೆ ಅಂತ ಇರುತ್ತದೆ ಅಮ್ಮಾ, ಒಬ್ಬೊಬ್ಬರಿಗೆ ಅರ್ಧ ಪುಟ. ಎತ್ತರ, ಕಣ್ಣಿನ ಬಣ್ಣ, ಆಮೇಲೆ ಮಾಡಿದ ತಪ್ಪುಗಳು. ಎದುರುತ್ತರ ಕೊಟ್ಟದ್ದು. ಬಟ್ಟೆ ಒಗೆಯಲು ಒಪ್ಪದೆ ಇದ್ದದ್ದು. ಬಸುರಿಯಾದಾಗ ಯಾರದೆಂದು ಹೇಳಲಿಲ್ಲ, ಜೈಲಿಗೆ ವಾಪಸ್ ಕಳಿಸಿದರು. 1836ರ ಮಾರ್ಚ್ ಎರಡರಂದು ಅಲ್ಲೇ ಗಂಡು ಹೆತ್ತಳು. ಹೆಸರು ಏಬೆಲ್. ಏಬೆಲ್, ಎಡ್ವಿನ್ ಅಲ್ಲ. ಆರು ವಾರಕ್ಕೆ ಅವಳನ್ನು ಗಾರ್ಸೈಡ್ ಮನೆಗೆ ಕಳಿಸಿದರು, ಹಾಲುಣಿಸುವ ದಾದಿಯಾಗಿ. ಅದಕ್ಕೆ ಮೊದಲು ಅವಳು ಆ ಮನೆಯ ಹೊಸಿಲು ತುಳಿದವಳೇ ಅಲ್ಲ. ಗಾರ್ಸೈಡನ ಹೆಂಡತಿ ಶಾರ್ಲೆಟ್ ಮಾರ್ಚ್ ಕೊನೆಯಲ್ಲಿ ಹೆತ್ತು ಹಾಸಿಗೆ ಹಿಡಿದಿದ್ದಳು, ಮೇ ತಿಂಗಳಲ್ಲಿ ತೀರಿಕೊಂಡಳು. ಆ ಮಗು ಎಡ್ವಿನ್. ಚರ್ಚಿನ ಪುಸ್ತಕದಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಸ್ಪಷ್ಟವಾಗಿದೆ.

ಏಬೆಲ್ ಜೈಲಿನ ಶಿಶುಕೋಣೆಯಲ್ಲೇ ಉಳಿದ. ಆಗಸ್ಟ್ ಒಂಬತ್ತರಂದು ಸತ್ತ. ಹನ್ನೊಂದರಂದು ಡಾರ್ಕಸ್ ಜೈಲಿನ ಕಡೆಗೆ ಬರುವ ಹೋಬಾರ್ಟ್ ರಸ್ತೆಯಲ್ಲಿ ಸಿಕ್ಕಿಬಿದ್ದಳು, ಅಪ್ಪಣೆಯಿಲ್ಲದೆ ಮನೆ ಬಿಟ್ಟದ್ದಕ್ಕೆ. ಸುದ್ದಿ ಮುಟ್ಟಿ ಹೊರಟಿದ್ದಳೋ, ಮಗುವನ್ನು ನೋಡಲು ಸುಮ್ಮನೆ ಹೊರಟಿದ್ದಳೋ, ದಾಖಲೆ ಹೇಳುವುದಿಲ್ಲ. ಹತ್ತು ದಿನ ಒಂಟಿ ಕೋಣೆ, ರೊಟ್ಟಿ, ನೀರು. ಮೂರನೆಯ ದಿನ ಗಾರ್ಸೈಡ್ ಬಂದು ಬಿಡಿಸಿಕೊಂಡು ಹೋದ. ಕಾರಣ ಅಂಚಿನಲ್ಲಿ ಬರೆದಿದೆ: ಮನೆಯಲ್ಲಿ ಮಗು ಹಾಲಿಲ್ಲದೆ ಅಳುತ್ತಿದೆ.

ಅಷ್ಟೇ. ಅವಳು ಮದುವೆಯಾಗಲಿಲ್ಲ, ಮತ್ತೆ ಹೆರಲೂ ಇಲ್ಲ. ಎಡ್ವಿನ್‌ನನ್ನು ಬೆಳೆಸುತ್ತ ಅಲ್ಲೇ ಮುದುಕಿಯಾದಳು. ಅವನು ತಾಯಿ ಅಂತ ಕೆತ್ತಿಸಿದ್ದು ಸುಳ್ಳಲ್ಲ. ಆದರೆ ನಾವು ಅವಳ ಪೈಕಿ ಅಲ್ಲ ಅಮ್ಮಾ. ಯಜಮಾನನ ಪೈಕಿ.

ಹೋದ ಶನಿವಾರ ಇದನ್ನು ಹೇಳಲೆಂದೇ ಅಜ್ಜಿಯ ಮನೆಗೆ ಹೋದೆ. ಅಡುಗೆಮನೆಯಲ್ಲಿ ಪಕ್ಕದ ಮನೆಯ ಬೆರಿಲ್ ಆಂಟಿ ಕೂತು ಸೇಬು ಹೆಚ್ಚುತ್ತಿದ್ದರು. ಅವರ ಹಿರಿಯರು ಸ್ವಂತ ಇಷ್ಟದಿಂದ ಹಡಗು ಹತ್ತಿ ಬಂದು, ಇಲ್ಲಿ ಜಮೀನು ಹಿಡಿದು, ಕೈದಿಗಳನ್ನು ಕೆಲಸಕ್ಕೆ ಇಟ್ಟುಕೊಂಡವರು. ಅಜ್ಜಿ ಅವರನ್ನು ಬಿಡುವುದುಂಟೇ.

"ಸಿಪ್ಪೆ ಎಷ್ಟು ದಪ್ಪ ಬರ್ತಿದೆ ನೋಡೇ ಬೆರಿಲ್. ನಿಮ್ಮ ಮನೇಲಿ ಇದನ್ನೆಲ್ಲ ನಮ್ಮವರೇ ಮಾಡ್ತಿದ್ರಲ್ಲ, ಪಾಪ, ಅಭ್ಯಾಸ ಇಲ್ಲ."

"ಹೂಂ, ನಿಮ್ಮವರು ಸಿಪ್ಪೆ ತೆಳ್ಳಗೇ ತೆಗೀತಿದ್ರು. ಜೊತೆಗೆ ಚಮಚಾನೂ ತೆಗೀತಿದ್ರು."

"ಎರಡೇ ಎರಡು ಚಮಚ ಕಣೇ."

"ಎರಡು ಸಿಕ್ಕಿದ್ದು. ಸಿಗದೇ ಇದ್ದದ್ದು ಯಾರಿಗೆ ಗೊತ್ತು?"

ಇಬ್ಬರೂ ನಕ್ಕರು. ಬೆರಿಲ್ ಆಂಟಿ ನನ್ನ ಕಡೆ ತಿರುಗಿ, "ನೀನು ಯಾವ ಕಡೇನೇ ರೋವೆನಾ? ನಿಮ್ಮಪ್ಪ ನಮ್ಮ ಥರಾ ಟಿಕೆಟ್ ತಗೊಂಡು ಬಂದವನು" ಅಂದರು.

ಅಜ್ಜಿ ನನ್ನ ಬದಲು ಉತ್ತರ ಕೊಟ್ಟಳು. "ಟಿಕೆಟ್ ತಗೊಂಡು ಬಂದ, ಟಿಕೆಟ್ ತಗೊಂಡು ಹೋದ. ನಮ್ಮವರು ಸರಪಳಿ ಹಾಕಿಸ್ಕೊಂಡು ಬಂದ್ರು, ಆದ್ರೆ ಇಲ್ಲೇ ಉಳಿದ್ರು. ಇವಳು ಡಾರ್ಕಸ್ ಕುಡಿ, ಆ ಹಠ ನೋಡು ಮುಖದಲ್ಲಿ."

ನನ್ನ ಮುಖದಲ್ಲಿ ಇದ್ದದ್ದು ಹಠವಲ್ಲ. ಬೆರಿಲ್ ಆಂಟಿ ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ, ಎಡ್ವಿನ್ ಡಾರ್ಕಸ್‌ಗೆ ಹುಟ್ಟಿದವನಲ್ಲ ಅಂತ.

"ಕಲ್ಲಿನ ಮೇಲೆ ಕೆತ್ತಿದೆ" ಅಂದಳು ಅಜ್ಜಿ, ಒಲೆಯ ಕಡೆ ನೋಡುತ್ತಲೇ.

"ಹಾಲು ಕೊಟ್ಟು ಬೆಳೆಸಿದಳು ಅಜ್ಜಿ. ಅದಕ್ಕೇ ತಾಯಿ ಅಂದಿದಾನೆ. ಹೆತ್ತವಳು ಗಾರ್ಸೈಡ್ ಹೆಂಡತಿ. ಚರ್ಚಿನ ಪುಸ್ತಕದಲ್ಲಿದೆ."

"ಆ ಪುಸ್ತಕ ಬರೆದವನು ಯಾರು? ಗಾರ್ಸೈಡ್ ಮನೇಲಿ ಕೂತು ಕುರಿಮಾಂಸ ತಿಂತಿದ್ದ ಪಾದ್ರಿ. ಅವನೇನು ಯಜಮಾನನ ಮಾನ ತೆಗೀತಾನಾ?"

ಸರಿಯಾದ ಪ್ರಶ್ನೆಯೇ. ನಾನೂ ಅದನ್ನು ಯೋಚಿಸಿದ್ದೆ, ಹಾಗೇ ಇರಲಿ ಅಂತ ಬಯಸಿಯೂ ಇದ್ದೆ. ಆದರೆ ಒಂದೇ ತಿಂಗಳಲ್ಲಿ ಜೈಲಿನಲ್ಲಿ ಒಂದು, ನ್ಯೂ ನಾರ್‌ಫೋಕ್‌ನಲ್ಲಿ ಒಂದು, ಒಬ್ಬಳೇ ಹೆರುವುದು ಹೇಗೆ? ಏಬೆಲ್ ಹುಟ್ಟಿದ್ದು, ಸತ್ತದ್ದು, ರಸ್ತೆ, ಮೂರು ದಿನ, ಎಲ್ಲ ಹೇಳಿದೆ. ಅಜ್ಜಿ ಒಲೆ ಆರಿಸಿ ಬಂದು ಕೂತಳು. ಸೇಬು ಅರ್ಧ ಬೆಂದಿತ್ತು.

"ಹಾಗಾದ್ರೆ ನಾನು ಗಾರ್ಸೈಡ್ ಪೈಕಿ."

"ಹೂಂ."

"ಅವಳ ಹಾಲು ಕಸಕೊಂಡು, ಅವಳ ಕೂಸನ್ನ ಸಾಯೋಕೆ ಬಿಟ್ಟವರ ಪೈಕಿ."

ಅಜ್ಜಿಗೆ ಸಿಟ್ಟು ಬಂದದ್ದು ಆಮೇಲೆ. "ಹನ್ನೆರಡು ವರ್ಷ ಆ ಅಂಗಳದಲ್ಲಿ ನಿಂತು ಓದಿದೀನಿ. ಮಂಡಿ ಆಪರೇಷನ್ ಆದ ವರ್ಷ ಕುರ್ಚಿ ಮೇಲೆ ಕೂತು ಓದಿದೀನಿ. ನಾನು ಬಿಟ್ರೆ ಇನ್ಯಾರು ಓದ್ತಾರೆ? ಅವಳಿಗೆ ಬೇರೆ ಮಕ್ಕಳಿದಾವಾ?"

"ಇಲ್ಲ."

"ಮತ್ತೆ? ಇಷ್ಟು ಓದಿ ಏನು ಸಾಧಿಸ್ದೆ ನೀನು? ಆ ಹುಡುಗಿಗೆ ಇದ್ದ ಒಬ್ಬಳನ್ನೂ ಇಲ್ಲ ಅನ್ನಿಸ್ದೆ." ಆಮೇಲೆ ಬಾಗಿಲ ಕಡೆ ಕೈ ತೋರಿಸಿ, "ಹೊರಡು, ಬಸ್ಸು ತಪ್ಪತ್ತೆ" ಅಂದಳು. ಬಸ್ಸು ಇಪ್ಪತ್ತು ನಿಮಿಷಕ್ಕೊಂದು ಇದೆ ಅಂತ ಇಬ್ಬರಿಗೂ ಗೊತ್ತು.

ಪುಟವನ್ನು ಶುಕ್ರವಾರದೊಳಗೆ ಕೊಡಬೇಕಿತ್ತು. ಎರಡು ಪುಟ ಬರೆದೆ. ನಿಜದ್ದು ಒಂದು, ಅಜ್ಜಿಯದು ಒಂದು. ನಿಜದ್ದನ್ನು ಕೊಟ್ಟರೆ ಅಜ್ಜಿ ಓದುವ ಹಾಗಿಲ್ಲ. ಅಜ್ಜಿ ಓದದಿದ್ದರೆ ಡಾರ್ಕಸ್‌ಳ ಹೆಸರು ಆ ಅಂಗಳದಲ್ಲಿ ಇನ್ನು ಕೇಳುವುದೇ ಇಲ್ಲ. ನಿಜ ಹೇಳಿ ಅವಳನ್ನು ಅಳಿಸಬೇಕು, ಇಲ್ಲವೇ ಸುಳ್ಳು ಹೇಳಿ ಉಳಿಸಬೇಕು. ಯಾರನ್ನಾದರೂ ಕೇಳಬಹುದಿತ್ತು, ಮೇಷ್ಟ್ರನ್ನು. ಆದರೆ ಕೇಳಬೇಕೆಂದರೆ ತರಗತಿಗೆ ಹೋಗಬೇಕು.

ಶುಕ್ರವಾರ ಮಧ್ಯಾಹ್ನ ಸಂಘದ ಕಾರ್ಯದರ್ಶಿ ಮಿಸ್ಟರ್ ಪಿಲ್‌ಬೀಮ್ ಅವರಿಗೆ ಅಜ್ಜಿಯ ಪುಟವನ್ನು ಕೊಟ್ಟೆ. ನಿಂತಲ್ಲೇ ಓದಿ, "ಒಂದೂ ತಪ್ಪಿಲ್ಲ ಮಗೂ, ಎಲ್ಲರೂ ಹೀಗೆ ಬರೆದುಕೊಟ್ಟರೆ ನನ್ನ ಕೆಲಸ ಎಷ್ಟು ಹಗುರ" ಅಂದರು. ಮೆಟ್ಟಿಲು ಇಳಿದು ಬಂದೆ. ಅಳು ಬಂದಿದ್ದರೆ ಹಗುರಾಗುತ್ತಿತ್ತು. ಅದು ಬರಲಿಲ್ಲ, ಬರೀ ಸುಸ್ತು.

ಅಮ್ಮಾ, ಒಂದು ಮಾತು ಕೇಳಲಾ? ನಿಜದ ಪುಟದಲ್ಲಿ ಒಂದು ವಾಕ್ಯ ನನಗೆ ಬರೆಯಲು ಬರಲಿಲ್ಲ. ಬೇರೆಯವರ ಮಗುವನ್ನು ಎದೆಗೆ ಒತ್ತಿಕೊಂಡಾಗ, ದೂರ ಇರುವ ತನ್ನ ಮಗುವಿನ ನೆನಪು ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ? ನೀನು ಆ ಕುರಿ ಎಸ್ಟೇಟಿನ ಮನೆಗೆ ಮೂರು ಮಕ್ಕಳನ್ನು ನೋಡಿಕೊಳ್ಳಲು ಹೋದಾಗ ನನಗೆ ಹನ್ನೊಂದು. ಬೇರೆ ದಾರಿ ಇರಲಿಲ್ಲ ಅಂತ ಗೊತ್ತು. ಹಾಸ್ಟೆಲ್ ಫೀಸು ಎಲ್ಲಿಂದ ಬಂತು ಅಂತಲೂ ಗೊತ್ತು. ಬೈಯಲು ಕೇಳುತ್ತಿಲ್ಲ. ಕೆಲವು ದಿನ ಹೆಚ್ಚು ಅಂದುಕೊಳ್ಳುತ್ತಿದ್ದೆ, ಕೆಲವು ದಿನ ಕಡಿಮೆ. ಮೊದಲ ವರ್ಷ ಒಮ್ಮೆ ನಿನ್ನ ಹತ್ತಿರ ಬರಲೆಂದು ಹಾಸ್ಟೆಲ್ಲಿನಿಂದ ಲಾನ್ಸೆಸ್ಟನ್ ಬಸ್ ನಿಲ್ದಾಣದವರೆಗೆ ನಡೆದು ಹೋಗಿದ್ದೆ. ಬೆಂಚಿನ ಮೇಲೆ ಕೂತಿದ್ದು, ವಾಪಸ್ ಬಂದೆ. ಆ ಭಾನುವಾರದ ಕಾಗದದಲ್ಲೂ ಚೆನ್ನಾಗಿದ್ದೇನೆ ಅಂತಲೇ ಬರೆದೆ.

ಉತ್ತರ ಬರೆಯದಿದ್ದರೂ ಸರಿ. ಅಜ್ಜಿಗೆ ಮಾತ್ರ ಒಂದು ಫೋನ್ ಮಾಡು. ಪುಟ ಅವಳಿಗೆ ಬೇಕಾದ ಹಾಗೆಯೇ ಹೋಗಿದೆ, ಮುಂದಿನ ತಿಂಗಳು ನಿಶ್ಚಿಂತೆಯಿಂದ ಓದಲಿ ಅಂತ ಹೇಳು. ನಾನು ಹೇಳಿದ್ದನ್ನು ಮರೆತುಬಿಡಲಿ.

ನೀನೇ ಹೆತ್ತ,
ರೋವೆನಾ

ತಾ.ಕ.: ಮಂಗಳವಾರ. ನಿನ್ನೆ ಯುದ್ಧದಲ್ಲಿ ಸತ್ತವರನ್ನು ನೆನೆಯುವ ಆನ್‌ಜಾಕ್ ದಿನದ ರಜೆ, ಅಂಚೆ ಇರಲಿಲ್ಲ. ಕಾಗದ ಮೇಜಿನ ಮೇಲೇ ಉಳಿದದ್ದು ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆ ಪಿಲ್‌ಬೀಮ್ ಫೋನ್ ಮಾಡಿದ್ದರು. ನಾನು ಪುಟ ಕೊಟ್ಟ ಮರುದಿನ, ಶನಿವಾರ, ಅಜ್ಜಿ ಅವರ ಮನೆಗೇ ಹೋಗಿ ನಾನು ಕೊಟ್ಟ ಪುಟವನ್ನು ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡು, ಬೇರೆ ಹಾಳೆ ಕೇಳಿ ಅಲ್ಲೇ ಕೂತು ಬರೆದುಕೊಟ್ಟಳಂತೆ. ಅವರು ಅದನ್ನು ಓದಿ ಹೇಳಿದರು, ನಾನು ಬರೆದುಕೊಂಡೆ: "ನನ್ನ ತವರು ಗಾರ್ಸೈಡ್ ಮನೆ. ಡಾರ್ಕಸ್ ಲಿಲಿ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದಳು. ಅವಳ ಮಗ ಏಬೆಲ್‌ಗೆ ಸೇರಬೇಕಾದ ಹಾಲನ್ನು ನಮ್ಮವನು ಕುಡಿದ. ಏಬೆಲ್ ಐದು ತಿಂಗಳಿಗೆ ಸತ್ತ. ಅವಳ ಪೈಕಿ ಯಾರಾದರೂ ಉಳಿದಿದ್ದರೆ ಬಂದು ಓದಲಿ, ನಾನು ಪಕ್ಕಕ್ಕೆ ಸರಿಯುತ್ತೇನೆ. ಬರುವವರೆಗೆ ನಾನೇ ಓದುತ್ತೇನೆ." ಇದು ನಿಯಮಕ್ಕೆ ಒಪ್ಪುವುದಿಲ್ಲ, ಸಮಿತಿ ಗುರುವಾರ ಸೇರುತ್ತದೆ, ನೀನೇ ಬಂದು ಎಲ್ಲರೆದುರು ದಾಖಲೆ ತೋರಿಸಿ ನಾಲ್ಕು ಮಾತು ಹೇಳಬೇಕಾಗುತ್ತದೆ ಅಂದರು. ಆಮೇಲೆ, ನೀನು ಕೊಟ್ಟ ಪುಟ, ಅಜ್ಜಿ ಕೊಟ್ಟ ಪುಟ, ಎರಡರಲ್ಲಿ ಯಾವುದು ನಿಜ ಮಗೂ ಎಂದು ಕೇಳಿದರು. ಅಜ್ಜಿ ಬರೆದದ್ದು, ಅಂದೆ. ಗುರುವಾರ ಬರುತ್ತೇನೆ ಅಂತಲೂ ಅಂದೆ.